ಹಲಸಿನ ಹ, ಪರಂಗಿಯ ಪ

ಎಲ್ಲರಿಗೂ ನಮಸ್ಕಾರ.

ಚಿಕ್ಕವರಿದ್ದಾಗ ನಾವೆಲ್ಲ ಒಂದು ಆಟ ಆಡಿದ್ದೇವೆ, ಅಲ್ವಾ? ಒಬ್ಬರು ಅಕ್ಷರ ಹೇಳುವುದು, ಉಳಿದವರು ಅದರಿಂದ ಶುರುವಾಗುವ ಊರು, ಹೂವು, ಹಣ್ಣು ಬರೆಯುವುದು. 'ಹ' ಬಂದರೆ ಹಲಸು, ಹುಣಸೆ. 'ಪ' ಬಂದರೆ ಪೇರಲೆ, ಪಪ್ಪಾಯಿ, ಪರಂಗಿ. ಪಪ್ಪಾಯಿ, ಪರಂಗಿ ಎರಡೂ ಒಂದೇ ಹಣ್ಣು ಅಂತ ಅಲ್ಲೇ ಜಗಳ!

ಈ ಎರಡು ಗುಂಪು ಸುಮ್ನೆ ಹಾಗೆ ಆದದ್ದಲ್ಲ. ಯಾವ ಹಣ್ಣು ನಮ್ಮ ಮಾತಿಗೆ ಮೊದಲು ಬಂತು, ಯಾವುದು ಆಮೇಲೆ ಬಂತು ಅನ್ನುವುದನ್ನು ಆ ಮೊದಲ ಅಕ್ಷರವೇ ಹೇಳುತ್ತದೆ.

ಪಂಪ 941ರಲ್ಲಿ ಕಾವ್ಯ ಬರೆದಾಗ ಹಾಲು ಪಾಲಾಗಿತ್ತು, ಹೋಗು ಪೋಗು ಆಗಿತ್ತು. ಹಣ್ಣು? ಪಣ್. ಹಲಸು ಪಲಸು, ಹುಣಸೆ ಪುಣಿಸೆ. ಆಮೇಲಿನ ಕೆಲವು ಶತಮಾನಗಳಲ್ಲಿ ಪದದ ಮೊದಲಿನ 'ಪ' ಮೆಲ್ಲಗೆ 'ಹ' ಆಯಿತು. ಪಂಪೆ ಹಂಪೆಯಾಯಿತು. ಹಳಗನ್ನಡ ಅನ್ನುವ ಹೆಸರಿನಲ್ಲಿರುವ 'ಹಳ' ಕೂಡ ಮೊದಲು 'ಪಳ'ವೇ.

"ಹಸಿದು ಹಲಸು, ಉಂಡು ಮಾವು" ಅಂತೀವಲ್ಲ, ಅದನ್ನು ಹಳೆಯ ಉಚ್ಚಾರಣೆಯಲ್ಲಿ ಹೇಳಿ ನೋಡಿ: ಪಸಿದು ಪಲಸು. ಎರಡೂ ಪದ ಜೊತೆಯಾಗಿ ಬದಲಾಗಿವೆ, ಹಾಗಾಗಿ ಪ್ರಾಸ ಕೆಟ್ಟಿಲ್ಲ. ನನಗೆ ಇದು ತುಂಬಾ ಇಷ್ಟ. ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಲಸು ಸೀಳುವಾಗಲೆಲ್ಲ ಈ ಮಾತು ಬಾಯಿಗೆ ಬರುತ್ತದೆ. ಮೇಣ ಬೆರಳಿಗೆ ಅಂಟುತ್ತದೆ, ನಾರು ಬಿಡಿಸಿ ತೊಳೆ ತೆಗೆಯಬೇಕು. ಒಂದೊಂದು ತೊಳೆಯೂ ಒಂದೊಂದು ಹೂವಿನಿಂದ ಆದದ್ದು. ಅಂದರೆ ನಾವು ಒಂದು ಹಣ್ಣು ಅನ್ನುವುದು ನಿಜವಾಗಿ ನೂರಾರು ಹಣ್ಣುಗಳ ಗೊಂಚಲು.

ಪಕ್ಕದ ಭಾಷೆಗಳು 'ಪ' ಬಿಡಲಿಲ್ಲ. ತಮಿಳಿನಲ್ಲಿ ಹಲಸು ಪಲಾ. ತುಳುವಿನಲ್ಲಿ ಪೆಲಕಾಯಿ. ಮಂಗಳೂರಿನ ಕಡೆ ಪೆಲಕಾಯಿ ಗಟ್ಟಿ ತಿಂದವರಿಗೆ ಪಲಸು ಅನ್ನುವ ಪದ ಅಪರಿಚಿತ ಅನ್ನಿಸಲಾರದು.

ಇನ್ನು ಪೇರಲೆ, ಪಪ್ಪಾಯಿ. ಎರಡೂ ಅಮೆರಿಕದ ಬಿಸಿ ನಾಡಿನವು. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದರು, 1510ರಲ್ಲಿ ಗೋವಾ ಹಿಡಿದರು. ಈ ಹಣ್ಣುಗಳು ಇಲ್ಲಿಗೆ ಬಂದದ್ದು ಅದಾದ ಮೇಲೆ. ಅಷ್ಟರಲ್ಲಿ ಕನ್ನಡದಲ್ಲಿ 'ಪ' 'ಹ' ಆಗುವ ಕಾಲ ಮುಗಿದಿತ್ತು. ಅದಕ್ಕೇ ಪೇರಲೆ ಹೇರಲೆಯಾಗಲಿಲ್ಲ. ಅದು ಪೋರ್ಚುಗೀಸರ ಪೇರಾ. ಮರಸೇಬಿನ ಹೆಸರನ್ನು ಈ ಹಣ್ಣಿಗೆ ಇಟ್ಟದ್ದು. ಪರಂಗಿ ಅಂದರಂತೂ ಪರದೇಶಿ, ಫರಂಗಿಯವರದು ಅಂತಲೇ ಅರ್ಥ.

ಇಲ್ಲಿ ಒಂದು ಎಚ್ಚರ ಬೇಕು. ಅಕ್ಷರ ಹೇಳುವುದು ಕಾಲವನ್ನು, ಊರನ್ನಲ್ಲ. ಹುಣಸೆಯ ಮೂಲ ಆಫ್ರಿಕಾ. ಅರಬರು ಅದನ್ನು 'ತಮರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ ಅಂದರು. ಅಷ್ಟು ಹಿಂದೆಯೇ ಬಂದು ನಮ್ಮದಾಗಿತ್ತು. ನಮ್ಮ ಸಾರಿನ ಹುಳಿಗೂ ಇದೇ ಕಥೆ, ಮೊದಲು ಪುಳಿ, ಈಗ ಹುಳಿ.

ಮೈಸೂರು ಕಡೆ ಮಾರುಕಟ್ಟೆಯಲ್ಲಿ 'ಪರಂಗಿ ಹಣ್ಣು' ಅಂತ ಕೂಗುತ್ತಾರೆ. ಕಿವಿಗೊಟ್ಟು ಕೇಳಿ. ಮೊದಲ ಪದದಲ್ಲಿ ಆಮೇಲೆ ಬಂದ 'ಪ' ಹಾಗೇ ಉಳಿದಿದೆ, ಎರಡನೆಯದರಲ್ಲಿ ಹಳೆಯ 'ಪ' 'ಹ' ಆಗಿದೆ.