ಹೆಸರಿಲ್ಲದ ಬಿಲ್ಲೆ

ಕೇಳುಗರೆ, ನಮಸ್ಕಾರ.

ಬಿಲ್ಲೆ ಎಂದ ಕೂಡಲೆ ನಮ್ಮ ಹಿರಿಯರಿಗೆ ಕಚೇರಿ ಜವಾನನ ಎದೆಯ ಮೇಲಿನ ಹಿತ್ತಾಳೆ ಬಿಲ್ಲೆ ನೆನಪಾಗುತ್ತದೆ. ನಾನಿವತ್ತು ಹೇಳಹೊರಟಿರುವುದು ಬೇರೊಂದು ಬಿಲ್ಲೆಯ ವಿಷಯ. ಅಮೆರಿಕದ ದಕ್ಷಿಣ ಕ್ಯಾರೊಲೈನಾ ರಾಜ್ಯದಲ್ಲಿ ಚಾರ್ಲ್ಸ್‌ಟನ್ ಎಂಬ ಬಂದರು ಊರು. ಅಲ್ಲಿನ ನಗರಸಭೆ ವರ್ಷಾವರ್ಷ ತಾಮ್ರದ ಬಿಲ್ಲೆ ಮಾರುತ್ತಿತ್ತು. ಎರಡು ಅಂಗುಲದ ಆಸುಪಾಸಿನ ತಗಡು, ದಾರ ಪೋಣಿಸಲು ಮೇಲೊಂದು ತೂತು. ಅದರ ಮೇಲೆ ಊರಿನ ಹೆಸರು, ಇಸವಿ, ಒಂದು ನಂಬರು, ಒಂದು ಕಸುಬು. ಹಮಾಲಿ ಅಂತಲೋ, ಮನೆಯಾಳು ಅಂತಲೋ, ಮೀನುಗಾರ ಅಂತಲೋ ಅಚ್ಚೊತ್ತಿರುತ್ತಿತ್ತು. ಧಣಿಯಾದವನು ತನ್ನ ಗುಲಾಮನನ್ನು ಬೇರೆಯವರ ಕೆಲಸಕ್ಕೆ ಬಾಡಿಗೆಗೆ ಬಿಡಬೇಕಾದರೆ ಆ ಬಿಲ್ಲೆ ಕೊಳ್ಳಬೇಕು. ಬೆವರು ಒಬ್ಬನದು, ಕೂಲಿ ಧಣಿಗೆ. ಇಂಥ ಬಿಲ್ಲೆಗಳು ಇವತ್ತು ಮ್ಯೂಸಿಯಂಗಳಲ್ಲಿವೆ. ಅವುಗಳಲ್ಲಿ ಎಲ್ಲವೂ ಇದೆ, ಅದನ್ನು ಧರಿಸಿದ ಮನುಷ್ಯನ ಹೆಸರು ಮಾತ್ರ ಇಲ್ಲ.

ಹಾಗೆ ಬಾಡಿಗೆಗೆ ದುಡಿಯಲು ಹನ್ನೆರಡನೇ ವಯಸ್ಸಿಗೆ ಚಾರ್ಲ್ಸ್‌ಟನ್‌ಗೆ ಬಂದ ಹುಡುಗ ರಾಬರ್ಟ್ ಸ್ಮಾಲ್ಸ್. ಅಲ್ಲಿಂದ ದಕ್ಷಿಣಕ್ಕೆ, ಕರಾವಳಿಯ ಬ್ಯೂಫರ್ಟ್ ಎಂಬ ಊರಿನಲ್ಲಿ, ಧಣಿಯ ಮನೆಯ ಹಿತ್ತಿಲ ಗುಡಿಸಲಿನಲ್ಲಿ 1839ರಲ್ಲಿ ಹುಟ್ಟಿದವನು. ತಾಯಿ ಲಿಡಿಯಾ ಧಣಿಯ ಮನೆಯೊಳಗಿನ ಕೆಲಸದವಳು. ದೊಡ್ಡಮನೆಯ ನೆರಳಿನಲ್ಲಿ ಬೆಳೆಯುತ್ತಿದ್ದ ಮಗ ತಾನು ಯಾರೆಂಬುದನ್ನೇ ಮರೆತಾನು ಎಂದು ಅವಳಿಗೆ ಭಯ. ತಾನೇ ಕೈಹಿಡಿದು ಕರೆದೊಯ್ದು, ಜನರನ್ನು ಕಟ್ಟಿ ಬಾರುಕೋಲಿನಿಂದ ಹೊಡೆಯುವ ಕಂಬವನ್ನು ತೋರಿಸಿದಳು, ಜನರನ್ನು ಹರಾಜು ಕೂಗುವುದನ್ನೂ ತೋರಿಸಿದಳು. ಹೆತ್ತ ತಾಯಿ ಮಗನಿಗೆ ಕಲಿಸಬೇಕಾಗಿ ಬಂದ ಮೊದಲ ಪಾಠ ಇದು.

ನಮ್ಮಲ್ಲಿ ಜೀತವಿತ್ತು, ಅದರ ಕ್ರೌರ್ಯ ನಮಗೆ ಗೊತ್ತು. ಆದರೆ ಗುಲಾಮಗಿರಿಯನ್ನು ಜೀತ ಎಂದು ಅನುವಾದಿಸಿದರೆ ಪೂರ್ತಿ ಅರ್ಥ ಬರುವುದಿಲ್ಲ. ಜೀತಕ್ಕೆ ನೆಪಕ್ಕಾದರೂ ಒಂದು ಸಾಲ ಇರುತ್ತಿತ್ತು. ಅಲ್ಲಿ ತಾಯಿ ಗುಲಾಮಳಾಗಿದ್ದರೆ ಸಾಕು, ಮಗು ಹುಟ್ಟಿದ ಗಳಿಗೆಯಿಂದ ಧಣಿಯ ಆಸ್ತಿ. ಅಡ ಇಡಬಹುದು, ಉಯಿಲಿನಲ್ಲಿ ಹಂಚಬಹುದು, ತಾಯಿಯನ್ನು ಒಬ್ಬನಿಗೆ ಮಗುವನ್ನು ಇನ್ನೊಬ್ಬನಿಗೆ ಮಾರಬಹುದು. 1860ರ ಜನಗಣತಿಯಲ್ಲಿ ಆ ದೇಶದಲ್ಲಿ ಇಂಥವರ ಸಂಖ್ಯೆ 39 ಲಕ್ಷಕ್ಕೂ ಹೆಚ್ಚು. ದಕ್ಷಿಣ ಕ್ಯಾರೊಲೈನಾದಲ್ಲಿ ಏಳು ಲಕ್ಷ ಜನರ ಪೈಕಿ ನಾಲ್ಕು ಲಕ್ಷ ಜನ ಗುಲಾಮರು. ಅವರಿಗೆ ಓದು ಬರಹ ಕಲಿಸುವುದು ಆ ರಾಜ್ಯದ 1834ರ ಕಾನೂನಿನ ಪ್ರಕಾರ ಅಪರಾಧ. ಈ ಕಾನೂನನ್ನು ದಯವಿಟ್ಟು ನೆನಪಿನಲ್ಲಿಡಿ. ಇದರ ಕೊನೆಯ ಎಳೆ ಸಿಗುವುದು ಅರವತ್ತು ವರ್ಷಗಳ ನಂತರ.

ರಾಬರ್ಟ್ ಬಂದರಿನಲ್ಲಿ ದುಡಿದ, ಹಗ್ಗದ ಕೆಲಸ ಮಾಡಿದ, ಹಾಯಿ ಹೊಲಿದ, ಕೊನೆಗೆ ಹಡಗಿನ ಚುಕ್ಕಾಣಿ ಹಿಡಿದ. ಆ ಕರಾವಳಿಯ ಹಿನ್ನೀರು, ಮರಳದಿಬ್ಬ, ಉಬ್ಬರ ಇಳಿತ ಎಲ್ಲ ಅವನಿಗೆ ಕರತಲಾಮಲಕ. ಹಡಗಿಗೆ ದಾರಿ ತೋರಿಸುವ ಪೈಲಟ್ ಮಾಡುವ ಕೆಲಸವನ್ನೇ ಮಾಡುತ್ತಿದ್ದರೂ ಗುಲಾಮನಾದ್ದರಿಂದ ಪೈಲಟ್ ಎಂಬ ಹುದ್ದೆಯ ಹೆಸರು ಅವನಿಗಿಲ್ಲ. ಹೋಟೆಲಿನಲ್ಲಿ ಕೆಲಸಕ್ಕಿದ್ದ ಹ್ಯಾನಾ ಎಂಬವಳನ್ನು ಮದುವೆಯಾದ. ಅವಳೂ ಗುಲಾಮಳೇ, ಧಣಿ ಮಾತ್ರ ಬೇರೆ. ಹುಟ್ಟಿದ ಮಗಳೂ ಆ ಧಣಿಗೇ ಸೇರಿದವಳು. ಹೆಂಡತಿ ಮಗಳನ್ನು ಕೊಂಡುಕೊಳ್ಳಲು 800 ಡಾಲರಿಗೆ ಮಾತಾಯಿತು. ಕೂಡಿಟ್ಟಿದ್ದು 100 ಡಾಲರ್.

ಅಷ್ಟರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಬಂತು. ಈ ಯುದ್ಧ ತೆರಿಗೆಗಾಗಿ ನಡೆಯಿತು, ರಾಜ್ಯಗಳ ಹಕ್ಕಿಗಾಗಿ ನಡೆಯಿತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಶ್ಚಿಮಕ್ಕೆ ಬೆಳೆಯುತ್ತಿದ್ದ ಆ ದೇಶದಲ್ಲಿ ಹೊಸ ಸೀಮೆಗಳಿಗೆ ಗುಲಾಮಗಿರಿ ಹೋಗಬೇಕೋ ಬೇಡವೋ ಎಂಬ ಜಗಳ 1820ರಿಂದಲೂ ನಡೆದೇ ಇತ್ತು. ಹೊಸ ಸೀಮೆಗಳಿಗೆ ಬೇಡ ಎಂದ ಲಿಂಕನ್ 1860ರ ನವೆಂಬರಿನಲ್ಲಿ ಅಧ್ಯಕ್ಷರ ಚುನಾವಣೆ ಗೆದ್ದರು. ಡಿಸೆಂಬರ್ 20ಕ್ಕೆ ದಕ್ಷಿಣ ಕ್ಯಾರೊಲೈನಾ ಒಕ್ಕೂಟದಿಂದ ಹೊರಬಂತು. ಯಾಕೆ ಬಂದೆವು ಎಂದು ಅವರೇ ಬರೆದುಕೊಂಡ ಘೋಷಣೆ ಇದೆ. ಉತ್ತರದವರು ಗುಲಾಮಗಿರಿಯನ್ನು ದ್ವೇಷಿಸುತ್ತಾರೆ, ಓಡಿಹೋದ ಗುಲಾಮರನ್ನು ಹಿಡಿದು ಒಪ್ಪಿಸುವುದಿಲ್ಲ ಎಂಬುದೇ ಅದರ ದೂರು. 1861ರ ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ಮೊದಲ ಗುಂಡು ಹಾರಿತು.

ರಾಬರ್ಟ್ ಚುಕ್ಕಾಣಿ ಹಿಡಿದಿದ್ದ ಪ್ಲಾಂಟರ್ ಎಂಬ ಸ್ಟೀಮರ್ ಈಗ ದಕ್ಷಿಣದ ಸೈನ್ಯದ ಸಾಮಾನು ಹೊರತೊಡಗಿತು. ಬಂದರಿನ ಹೊರಗೆ ಉತ್ತರದ ಯುದ್ಧನೌಕೆಗಳ ದಿಗ್ಬಂಧನ. ಇವನಿಗೆ ಆ ನೌಕೆಗಳು ದಿನವೂ ಕಣ್ಣಿಗೆ ಬೀಳುತ್ತಿದ್ದವು. ದೂರ ಹೆಚ್ಚೆಂದರೆ ಕೆಲವು ಮೈಲಿ, ನಡುವೆ ಕೋಟೆಗಳ ಫಿರಂಗಿಗಳು.

1862ರ ಮೇ 12ರ ರಾತ್ರಿ ಕ್ಯಾಪ್ಟನ್ನೂ ಇನ್ನಿಬ್ಬರು ಬಿಳಿಯ ಅಧಿಕಾರಿಗಳೂ ಮಲಗಲು ದಡಕ್ಕೆ ಹೋದರು. ಹಡಗು ಬಿಡಕೂಡದೆಂದು ಆಜ್ಞೆಯಿತ್ತು. ಗುಲಾಮರು ಏನು ಮಾಡಿಯಾರು ಎಂಬ ಧೈರ್ಯವೂ ಅವರಿಗಿತ್ತು. ಬೆಳಗಿನ ಜಾವ ಮೂರರ ಹೊತ್ತಿಗೆ ಬಾಯ್ಲರಿಗೆ ಬೆಂಕಿ ಬಿತ್ತು. ಇನ್ನೊಂದು ಧಕ್ಕೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಹೆಂಗಸರು ಮಕ್ಕಳನ್ನು ಹತ್ತಿಸಿಕೊಂಡರು. ಒಟ್ಟು 16 ಜನ. ಸಿಕ್ಕಿಬಿದ್ದರೆ ಹಡಗನ್ನೇ ಮುಳುಗಿಸುವುದು, ಅದೂ ಆಗದಿದ್ದರೆ ಕೈಕೈ ಹಿಡಿದುಕೊಂಡು ಒಟ್ಟಿಗೇ ನೀರಿಗೆ ಹಾರುವುದು. ಹೀಗೆಂದು ಮೊದಲೇ ಮಾತಾಡಿಕೊಂಡಿದ್ದರು.

ರಾಬರ್ಟ್ ಕ್ಯಾಪ್ಟನ್ನನ ಹುಲ್ಲಿನ ಟೋಪಿ ತಲೆಗೆ ಹಾಕಿದ, ಕ್ಯಾಪ್ಟನ್ ನಿಲ್ಲುವ ಹಾಗೆಯೇ ಕೈಕಟ್ಟಿ ನಿಂತ. ಪ್ರತಿ ಕೋಟೆಗೂ ಕೊಡಬೇಕಾದ ಹಡಗಿನ ಸಿಳ್ಳೆಯ ಗುರುತು ಅವನಿಗೆ ಬಾಯಿಪಾಠ. ಅವಸರ ಮಾಡಲಿಲ್ಲ. ನಾಲ್ಕೂವರೆಯ ಸುಮಾರಿಗೆ, ಇನ್ನೂ ನಸುಕು, ಸಮ್ಟರ್ ಕೋಟೆಯ ಗೋಡೆಯಡಿ ಬಂದಾಗ ಎರಡು ಉದ್ದ, ಒಂದು ಗಿಡ್ಡ ಸಿಳ್ಳೆ ಹಾಕಿದ. ಕಾವಲಿನವನು ಹೋಗು ಎಂದ. ಫಿರಂಗಿಯ ಹೊಡೆತಕ್ಕೆ ಸಿಗದಷ್ಟು ದೂರ ಹೋದ ಮೇಲೆ ದಕ್ಷಿಣದ ಬಾವುಟ ಇಳಿಯಿತು, ಹ್ಯಾನಾ ತಂದಿದ್ದ ಬಿಳಿ ಬೆಡ್‌ಶೀಟು ಮೇಲೇರಿತು. ಉತ್ತರದ ಆನ್‌ವರ್ಡ್ ನೌಕೆಯವರು ಗುಂಡು ಹಾರಿಸಲು ಸಜ್ಜಾಗಿದ್ದವರು ಆ ಬೆಡ್‌ಶೀಟು ಕಂಡು ಕೈ ತಡೆದರು. ಆ 16 ಜನರ ಜೀವ ಉಳಿದದ್ದು ಒಂದು ಹಾಸಿಗೆಯ ಬಟ್ಟೆಯಿಂದ.

ಲಿಂಕನ್ ಗುಲಾಮರನ್ನು ಬಿಡಿಸಿದರು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಸುಳ್ಳಲ್ಲ. ಆದರೆ ವಿಮೋಚನೆಯ ಘೋಷಣೆ ಬಂದದ್ದು 1863ರ ಜನವರಿ 1ಕ್ಕೆ. ಅದಕ್ಕೂ ಏಳು ತಿಂಗಳ ಮೊದಲೇ ಇವರು ತಮ್ಮನ್ನು ತಾವು ಬಿಡಿಸಿಕೊಂಡಿದ್ದರು. ಇವರಷ್ಟೇ ಅಲ್ಲ, ಯುದ್ಧದ ಮೊದಲ ದಿನಗಳಿಂದಲೂ ಸಾವಿರಾರು ಜನ ರಾತ್ರೋರಾತ್ರಿ ಹೊಲ ಬಿಟ್ಟು, ಜೌಗು ದಾಟಿ, ಉತ್ತರದ ಸೈನ್ಯದ ಬಿಡಾರಗಳಿಗೆ ಬಂದು ಸೇರುತ್ತಿದ್ದರು. ಒಕ್ಕೂಟ ಉಳಿಸುವುದಷ್ಟೇ ತಮ್ಮ ಗುರಿ ಎನ್ನುತ್ತಿದ್ದ ಸರ್ಕಾರ ಇವರನ್ನು ಏನು ಮಾಡುವುದೆಂದು ತೀರ್ಮಾನಿಸಲೇಬೇಕಾಯಿತು. 1862ರ ಆಗಸ್ಟಿನಲ್ಲಿ ಸ್ಮಾಲ್ಸ್ ವಾಷಿಂಗ್ಟನ್ನಿಗೆ ಹೋಗಿ, ಕರಿಯರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿದ ನಿಯೋಗದಲ್ಲಿದ್ದ. ಯುದ್ಧ ಮುಗಿಯುವ ಹೊತ್ತಿಗೆ ಉತ್ತರದ ಸೈನ್ಯದಲ್ಲಿ ಬಂದೂಕು ಹಿಡಿದ ಕರಿಯರು ಸುಮಾರು 1 ಲಕ್ಷ 80 ಸಾವಿರ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ನಮ್ಮ ನೆಲಕ್ಕೆ ಸೇರಿದ್ದು. ಸ್ಮಾಲ್ಸ್ ಯಾವ ದಿಗ್ಬಂಧನದ ಕಡೆಗೆ ಹಡಗು ಓಡಿಸಿದನೋ, ಅದೇ ದಿಗ್ಬಂಧನದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಿತು. ಆಗ ಅವರ ಕಣ್ಣು ಬಿದ್ದದ್ದು ಧಾರವಾಡ ಸೀಮೆಯ ಎರೆ ಭೂಮಿಯ ಮೇಲೆ. 1840ರ ದಶಕದಲ್ಲೇ ನ್ಯೂ ಆರ್ಲಿಯನ್ಸಿನ ಹತ್ತಿಬೀಜ ಇಲ್ಲಿಗೆ ಬಂದಿತ್ತು. ಜವಾರಿ ಹತ್ತಿಯ ಪಕ್ಕದಲ್ಲೇ ವಿಲಾಯತಿ ಹತ್ತಿ ಬೆಳೆಯುತ್ತಿತ್ತು. ಯುದ್ಧದ ವರ್ಷಗಳಲ್ಲಿ ಅರಳೆಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು, ಕಾರವಾರ ಬಂದರನ್ನು ಬೆಳೆಸುವ ಮಾತು ಜೋರಾಯಿತು. 1865ರಲ್ಲಿ ಯುದ್ಧ ನಿಂತದ್ದೇ ತಡ, ಬೆಲೆ ಕುಸಿದುಬಿತ್ತು. ಚಾರ್ಲ್ಸ್‌ಟನ್ ಎಂಬ ಹೆಸರನ್ನೇ ಕೇಳಿರದ ನಮ್ಮ ರೈತನ ಮನೆಯ ಲೆಕ್ಕವನ್ನು ಆ ಯುದ್ಧ ಎರಡು ಸಲ ಬದಲಿಸಿತು.

ಮತ್ತೆ ಸ್ಮಾಲ್ಸ್ ಕಡೆಗೆ. 1863ರ ಕೊನೆಯಲ್ಲಿ, ಗುಂಡಿನ ಮಳೆಯಲ್ಲಿ, ಈಗ ಉತ್ತರದ ಸೇವೆಯಲ್ಲಿದ್ದ ಪ್ಲಾಂಟರಿನ ಬಿಳಿಯ ಕ್ಯಾಪ್ಟನ್ ಹೆದರಿ ಕಲ್ಲಿದ್ದಲ ಕೋಣೆಯಲ್ಲಿ ಅಡಗಿದಾಗ ಹಡಗನ್ನು ಪಾರುಮಾಡಿದ್ದು ಸ್ಮಾಲ್ಸ್ ಅವರೇ. ಅದೇ ಹಡಗಿಗೆ ಅವರನ್ನೇ ಕ್ಯಾಪ್ಟನ್ ಮಾಡಿದರು. ಇಲ್ಲಿಂದ ಮುಂದೆ ನಾನು ಅವರನ್ನು ಬಹುವಚನದಲ್ಲೇ ಕರೆಯುತ್ತೇನೆ. ಕರಿಯ ಎಷ್ಟೇ ವಯಸ್ಸಾದವನಿರಲಿ, ಎಲೋ ಹುಡುಗ ಎಂದೇ ಕೂಗುತ್ತಿದ್ದ ಊರು ಅದು. ನಮ್ಮ ಭಾಷೆಯಲ್ಲಿ ಗೌರವಕ್ಕೊಂದು ರೂಪವಿದೆ, ಅದನ್ನು ಅವರಿಗೆ ಕೊಡುವುದು ನನಗೆ ಮುಖ್ಯ ಅನ್ನಿಸುತ್ತದೆ.

1864ರಲ್ಲಿ ರಿಪೇರಿಗೆಂದು ಹಡಗು ಫಿಲಡೆಲ್ಫಿಯಾಕ್ಕೆ ಹೋದಾಗ ಅವರು ಮನೆಪಾಠ ಇಟ್ಟುಕೊಂಡು ಓದು ಬರಹ ಕಲಿತರು. ಆಗ ವಯಸ್ಸು 25. ಅದೇ ಊರಿನಲ್ಲಿ ಒಂದು ದಿನ ಟ್ರಾಮ್‌ನಲ್ಲಿ ಕೂತಿದ್ದವರನ್ನು ಎಬ್ಬಿಸಿ, ಹೊರಗಿನ ಮೆಟ್ಟಿಲ ಬಳಿ ನಿಲ್ಲು ಎಂದರು. ಅವರು ಇಳಿದು ನಡೆದುಕೊಂಡೇ ಹೋದರು. ಇದು ಉತ್ತರದ ಊರು ಎಂಬುದನ್ನು ಮರೆಯಬಾರದು.

ಹಡಗು ತಂದುಕೊಟ್ಟದ್ದಕ್ಕೆ ಸರ್ಕಾರ ಅವರ ಪಾಲಿಗೆ 1,500 ಡಾಲರ್ ಬಹುಮಾನ ಕೊಟ್ಟಿತ್ತು. ಬ್ಯೂಫರ್ಟಿನಲ್ಲಿ ತೆರಿಗೆ ಬಾಕಿಗೆ ಹರಾಜಿಗೆ ಬಂದ ಒಂದು ಮನೆಯನ್ನು ಅವರು ಕೊಂಡರು. ಅದು, ಯಾವ ಮನೆಯ ಹಿತ್ತಿಲಲ್ಲಿ ಹುಟ್ಟಿದರೋ ಅದೇ ಮನೆ. ಹಿಂದಿನ ಮಾಲೀಕರ ಕಡೆಯಿಂದ ದಾವೆ ಬಿತ್ತು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ 1878ರಲ್ಲಿ ಸ್ಮಾಲ್ಸ್ ಗೆದ್ದರು. ಯುದ್ಧದ ನಂತರ, ಬುದ್ಧಿ ಸ್ಥಿಮಿತದಲ್ಲಿಲ್ಲದ ಧಣಿಯ ಹೆಂಡತಿ ಅದು ಇನ್ನೂ ತನ್ನದೇ ಮನೆಯೆಂದುಕೊಂಡು ಬಾಗಿಲಿಗೆ ಬಂದಾಗ, ಆಕೆಯನ್ನು ಒಳಗೆ ಕರೆದು ಆಕೆಯ ಹಳೆಯ ಕೋಣೆಯನ್ನೇ ಕೊಟ್ಟರೆಂದು ಅವರ ಮನೆತನದಲ್ಲಿ ಹೇಳಿಕೊಂಡು ಬಂದಿದ್ದಾರೆ.

ಎಲ್ಲರಿಗೂ ಹೀಗೆ ನೆಲ ಸಿಗಲಿಲ್ಲ. 1865ರ ಜನವರಿಯಲ್ಲಿ ಉತ್ತರದ ಸೈನ್ಯದ ಜನರಲ್ ಶರ್ಮನ್ ಆ ಕರಾವಳಿಯ ಭೂಮಿಯನ್ನು ಕುಟುಂಬಕ್ಕೆ 40 ಎಕರೆಯವರೆಗೆ ಹಂಚಲು ಆಜ್ಞೆ ಮಾಡಿದ್ದರು. ಏಪ್ರಿಲಿನಲ್ಲಿ ಲಿಂಕನ್ ಹತ್ಯೆಯಾಯಿತು. ಅವರ ಜಾಗಕ್ಕೆ ಬಂದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ಭೂಮಿಯನ್ನು ಹಳೆಯ ಧಣಿಗಳಿಗೆ ಹಿಂದಿರುಗಿಸತೊಡಗಿದರು. ಉತ್ತು ಬಿತ್ತಿದವರು ಮತ್ತೆ ಪರರ ಹೊಲದಲ್ಲಿ ಪಾಲಿಗೆ ದುಡಿದು, ಬೀಜಕ್ಕೂ ಕಾಳಿಗೂ ಸಾಲ ಮಾಡಿ, ಆ ಸಾಲದಲ್ಲೇ ಮುದುಕರಾದರು. ಮೊದಲು ಜೀತ ಎಂಬ ಮಾತು ಸಾಲದೆಂದೆ. ಈ ಹಂತಕ್ಕೆ ಅದೇ ಮಾತು ಹತ್ತಿರ.

ಆದರೂ ಕೆಲವು ವರ್ಷ ಒಂದು ಬಾಗಿಲು ತೆರೆದಿತ್ತು. ಸಂವಿಧಾನದ ಮೂರು ತಿದ್ದುಪಡಿಗಳು ಬಂದವು. 1865ರಲ್ಲಿ ಗುಲಾಮಗಿರಿ ರದ್ದು, 1868ರಲ್ಲಿ ಪೌರತ್ವ, 1870ರಲ್ಲಿ ಕರಿಯ ಗಂಡಸರಿಗೆ ಮತ. 1868ರಲ್ಲಿ ದಕ್ಷಿಣ ಕ್ಯಾರೊಲೈನಾದ ಹೊಸ ಸಂವಿಧಾನ ಬರೆಯಲು ಕೂತವರಲ್ಲಿ ಸ್ಮಾಲ್ಸ್ ಒಬ್ಬರು. ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆ, ಕಡ್ಡಾಯ ಮತ್ತು ಉಚಿತ, ಎಂದು ಅವರು ಅಲ್ಲಿ ಕೇಳಿದರು. ನಾಲ್ಕು ವರ್ಷದ ಹಿಂದೆ ಅಕ್ಷರ ಕಲಿತವರ ಬೇಡಿಕೆ ಅದು. ಮುಂದೆ ರಾಜ್ಯದ ಶಾಸನಸಭೆಗೂ, ಐದು ಅವಧಿಗೆ ದೇಶದ ಸಂಸತ್ತಿಗೂ ಗೆದ್ದು ಹೋದರು.

ಬಾಗಿಲು ಮುಚ್ಚಿದ್ದು ಬಂದೂಕಿನಿಂದ ಮತ್ತು ಕಾಗದದಿಂದ. 1876ರ ಚುನಾವಣೆಗೆ ಕೆಂಪು ಅಂಗಿ ತೊಟ್ಟ ಸಶಸ್ತ್ರ ಗುಂಪುಗಳು ಊರೂರು ಸುತ್ತಿದವು. ಆ ಜುಲೈನಲ್ಲಿ ಹ್ಯಾಂಬರ್ಗ್ ಎಂಬಲ್ಲಿ ಸೆರೆಸಿಕ್ಕ ಕರಿಯರನ್ನು ಗುಂಡಿಕ್ಕಿ ಕೊಂದರು. 1877ರಲ್ಲಿ ಕೇಂದ್ರದ ಸೈನ್ಯ ಹಿಂದಕ್ಕೆ ಹೋಯಿತು. ಅದೇ ವರ್ಷ ಸ್ಮಾಲ್ಸ್ ಮೇಲೆ ಲಂಚದ ಕೇಸು ಹಾಕಿ ಶಿಕ್ಷೆ ಕೊಡಿಸಿದರು, ಆಮೇಲೆ ಕ್ಷಮೆಯೂ ಸಿಕ್ಕಿತು.

1882ರಲ್ಲಿ ಬಂದ ಕಾನೂನನ್ನು ಅಲ್ಲಿನವರು ಎಂಟು ಪೆಟ್ಟಿಗೆಯ ಕಾನೂನು ಎನ್ನುತ್ತಾರೆ. ಮತಗಟ್ಟೆಯಲ್ಲಿ ಸಾಲಾಗಿ ಎಂಟು ಪೆಟ್ಟಿಗೆ. ರಾಜ್ಯಪಾಲರ ಹುದ್ದೆಗೆ ಒಂದು, ಸಂಸತ್ತಿಗೆ ಒಂದು, ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ, ಮೇಲೆ ಚೀಟಿ ಅಂಟಿಸಿರುತ್ತದೆ. ಓದಿ ಸರಿಯಾದ ಪೆಟ್ಟಿಗೆಗೇ ಹಾಕಬೇಕು, ತಪ್ಪಿದರೆ ಮತ ಹಾಳು. ಓದಲು ಬಾರದ ಬಿಳಿಯನಿಗೆ ಅಧಿಕಾರಿ ಬೆರಳು ತೋರಿಸುತ್ತಾನೆ. ಕರಿಯರು ಯಾವುದು ಯಾವುದೆಂದು ಗುರುತಿಟ್ಟುಕೊಂಡರೆ ಪೆಟ್ಟಿಗೆಗಳ ಜಾಗವನ್ನೇ ಅದಲುಬದಲು ಮಾಡುತ್ತಾರೆ. 1834ರ ಕಾನೂನು ನೆನಪಿಸಿಕೊಳ್ಳಿ. ಓದು ಕಲಿಸಿದರೆ ಅಪರಾಧ ಎಂದ ರಾಜ್ಯವೇ ಈಗ ಓದಲು ಬರುತ್ತದೆಯೇ ಎಂದು ಕೇಳುತ್ತಿತ್ತು. ಇದನ್ನು ಎಷ್ಟು ಸಲ ಓದಿದರೂ ನನಗೆ ಸಂಕಟವಾಗುತ್ತದೆ.

1895ರಲ್ಲಿ ಅದೂ ಸಾಲದೆಂದು ಹೊಸ ಸಂವಿಧಾನ ಬರೆಯಲು ಕೂತರು. ಕರಿಯರಿಗೆ ಮತವಿಲ್ಲದಂತೆ ಮಾಡುವುದೇ ಉದ್ದೇಶ, ಅದನ್ನವರು ಮುಚ್ಚಿಡಲೂ ಇಲ್ಲ. 160 ಪ್ರತಿನಿಧಿಗಳಲ್ಲಿ ಕರಿಯರು ಆರೇ ಜನ. 56 ವರ್ಷದ ಸ್ಮಾಲ್ಸ್ ಎದ್ದು ನಿಂತು ಹೇಳಿದರು: ನನ್ನ ಜನಕ್ಕೆ ವಿಶೇಷ ವಕಾಲತ್ತು ಬೇಕಿಲ್ಲ, ಅವರು ಯಾರಿಗೂ ಕಡಿಮೆಯಿಲ್ಲವೆಂದು ಈ ದೇಶದಲ್ಲಿ ಅವರು ಬಾಳಿದ ಇತಿಹಾಸವೇ ಹೇಳುತ್ತದೆ, ಬದುಕಿನ ಹೋರಾಟದಲ್ಲಿ ಅವರಿಗೆ ಸಮಾನ ಅವಕಾಶವೊಂದು ಸಿಕ್ಕರೆ ಸಾಕು. ಕೇಳಿಸಿಕೊಂಡರು. ಆಮೇಲೆ ತಾವು ಅಂದುಕೊಂಡಂತೆಯೇ ಮಾಡಿದರು. ಆ ಮತ ಮತ್ತೆ ಕೈಗೆ ಬರಲು 1965ರವರೆಗೆ ಕಾಯಬೇಕಾಯಿತು.

ಕೊನೆಯ ದಿನಗಳಲ್ಲಿ ಸಂವಿಧಾನದ ಪ್ರತಿಗೆ ಎಲ್ಲರೂ ಸಹಿ ಹಾಕಬೇಕಿತ್ತು. ಸಹಿ ಹಾಕದವರಿಗೆ ಖರ್ಚಿನ ಹಣ ಕೊಡುವುದು ಬೇಡ ಎಂಬ ಮಾತು ಬಂತು. ಸಭೆ ನಡೆದ ರಾಜಧಾನಿ ಕೊಲಂಬಿಯಾದಿಂದ ಬ್ಯೂಫರ್ಟಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ನಡೆದುಕೊಂಡೇ ಮನೆಗೆ ಹೋದೇನು, ಇದಕ್ಕೆ ಸಹಿ ಹಾಕುವುದಿಲ್ಲ ಎಂದರು ಸ್ಮಾಲ್ಸ್. ಇಪ್ಪತ್ತೈದನೇ ವಯಸ್ಸಿನಲ್ಲಿ ಕಾಸು ಕೊಟ್ಟು ಬರೆಯಲು ಕಲಿತ ತಮ್ಮ ಹೆಸರನ್ನು ಆ ಕಾಗದದ ಮೇಲೆ ಅವರು ಬರೆಯಲಿಲ್ಲ.

ನಮಸ್ಕಾರ.