ಉಚಿತ ಬೇರೆ, ಮುಕ್ತ ಬೇರೆ: ಅಜ್ಜಿ ವೀಡಿಯೊ ಮೇಲೆ ಬಂದ ವಾಟರ್‌ಮಾರ್ಕ್

ಕಾಣುತ್ತಿದೆ ಅಲ್ವಾ? ಅಜ್ಜಿಯ ಕೈ ಮೇಲೆ, ಸರಿಯಾಗಿ ನಡುವೆ, ಬೂದು ಬಣ್ಣದ ದೊಡ್ಡ ಅಕ್ಷರ. ಅದು ವೀಡಿಯೊ ರೆಕಾರ್ಡ್ ಮಾಡಿದ ಪ್ರೋಗ್ರಾಮಿನ ಹೆಸರು, ಓದಲು ಬಾರದ ಹಾಗೆ ಮಸುಕು ಮಾಡಿದ್ದೇನೆ.

ಅಜ್ಜಿ ಇರುವುದು ಸಾಗರದ ಹತ್ತಿರ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಕ್ರಮವನ್ನು ವೀಡಿಯೊ ಕಾಲ್‌ನಲ್ಲಿ ಒಂದು ಗಂಟೆ ನಲವತ್ತು ನಿಮಿಷ ಕೂತು ಹೇಳಿದರು. ತೊಟ್ಟು ಎಷ್ಟು ಬಿಟ್ಟು ಮುರಿಯಬೇಕು, ಸೊನೆ ಹೋಗದ ಹಾಗೆ ಹೇಗೆ ನೋಡಿಕೊಳ್ಳಬೇಕು ಅಂತ ಮಿಡಿಯನ್ನು ಕ್ಯಾಮೆರಾ ಹತ್ತಿರ ಹಿಡಿದು ತೋರಿಸಿದರು. ನಾನು ಇಲ್ಲಿ ಬೆಂಗಳೂರಿನಲ್ಲಿ ಕೂತು ಸ್ಕ್ರೀನ್ ರೆಕಾರ್ಡ್ ಮಾಡಿಕೊಂಡೆ. ಮುಗಿಸಿ ಸೇವ್ ಮಾಡಿದ ಮೇಲೆ ನೋಡಿದರೆ ಇದು. ತೆಗೆಯಬೇಕಾದರೆ ವರ್ಷಕ್ಕೆ 1,899 ರೂಪಾಯಿ. ಒಂದು ಸಲಕ್ಕಲ್ಲ, ವರ್ಷ ವರ್ಷ! ರೆಕಾರ್ಡಿಂಗ್ ಶುರು ಮಾಡುವಾಗ ಒಂದು ಮಾತು ಹೇಳಲಿಲ್ಲ. ಒಂದು ನಿಮಿಷದ ಟೆಸ್ಟ್ ಮಾಡಿದ್ದೆ, ಅದರಲ್ಲೂ ವಾಟರ್‌ಮಾರ್ಕ್ ಬಂದಿರಲಿಲ್ಲ. ಹತ್ತು ನಿಮಿಷ ದಾಟಿದ ಮೇಲೆ ಮಾತ್ರ ಬರುತ್ತದಂತೆ. ಇದನ್ನು ಅಜ್ಜಿಗೆ ಕಳಿಸಿದಾಗ ಅವರು ಕೇಳಿದ್ದು, ‘ಎಂತ ಕೂಸೇ ಇದು, ನನ್ನ ಕೈ ಮೇಲೆ?’ ನನಗೆ ನಿಜವಾಗಿಯೂ ಬೇಜಾರಾಯಿತು.

ದುಡ್ಡು ಕೇಳಿದ್ದಕ್ಕೆ ಕೋಪ ಇಲ್ಲ. ಮುಕ್ತ ತಂತ್ರಾಂಶವನ್ನೂ, ಅಂದರೆ ಒಳಗಿನ ಕೋಡ್ ನೋಡಿ, ತಿದ್ದಿ, ಹಂಚಬಹುದಾದ ಪ್ರೋಗ್ರಾಮನ್ನೂ ಮಾರಬಹುದು. ಅಂಥವಕ್ಕೆ ಬಳಸುವ ಜಿಪಿಎಲ್ ಲೈಸೆನ್ಸ್ ಅದಕ್ಕೆ ಅಡ್ಡ ಬರುವುದಿಲ್ಲ. ಕೋಪ ಇರುವುದು ಆ ಪ್ರೋಗ್ರಾಮಿನ ಈ ಪುಟದ ಮೇಲೆ. ನೋಡಿ, ಮೇಲ್ಗಡೆ ಎರಡು ಪಟ್ಟಿ: ‘ಫ್ರೀ’, ‘ಓಪನ್ ಸೋರ್ಸ್’ (ಕೋಡ್ ಎಲ್ಲರಿಗೂ ಮುಕ್ತ ಅಂತ). ಪಕ್ಕದಲ್ಲೇ ಗಿಟ್‌ಹಬ್ ಲಿಂಕ್, ಜನ ಕೋಡ್ ಇಡುವ ಜಾಲತಾಣ ಅದು. ಲಿಂಕ್ ಇದೆಯಲ್ಲ ಅಂತ ನಂಬಿಬಿಟ್ಟೆ, ಒತ್ತಿ ನೋಡಲಿಲ್ಲ. ಈಗ ಒತ್ತುತ್ತೇನೆ. ‘ರೀಡ್‌ಮಿ’ ಅನ್ನುವ ಒಂದು ಪರಿಚಯದ ಫೈಲ್, ನಾಲ್ಕು ಚಿತ್ರ, ಜನ ಬರೆದ ದೂರುಗಳು. ಕೋಡ್ ಎಲ್ಲಿದೆ? ಒಂದು ಸಾಲೂ ಇಲ್ಲ. ಲೈಸೆನ್ಸ್ ಫೈಲ್ ಕೂಡ ಇಲ್ಲ. ಗಿಟ್‌ಹಬ್‌ನಲ್ಲಿ ಪುಟ ಇದ್ದರೆ ಓಪನ್ ಸೋರ್ಸ್ ಆಗಿಬಿಡುವುದಿಲ್ಲ.

ಇಂಗ್ಲಿಷಿನಲ್ಲಿ ಎರಡಕ್ಕೂ ‘ಫ್ರೀ’ ಅನ್ನುವ ಒಂದೇ ಪದ. ನಮಗೆ ಆ ತೊಂದರೆಯೇ ಇಲ್ಲ. ಕಾಸು ಕೊಡಬೇಕಿಲ್ಲ ಅಂದರೆ ಉಚಿತ. ಬೀಗ ಇಲ್ಲ ಅಂದರೆ ಮುಕ್ತ. ಇಷ್ಟು ಚೆಂದದ ಎರಡು ಪದ ಇಟ್ಟುಕೊಂಡು ನಾವೂ ಸುಮ್ನೆ ‘ಫ್ರೀ’ ಅಂತೀವಿ. ಊರಲ್ಲಿ ದೊಡ್ಡಪ್ಪ ‘ಪುಕ್ಕಟೆ’ ಅನ್ನುತ್ತಾರೆ, ಅದು ಇನ್ನೂ ಸ್ಪಷ್ಟ. ಪುಕ್ಕಟೆ ಅಂದ ಮೇಲೆ ಅವರು ಎರಡು ಸಲ ನೋಡದೆ ಯಾವುದನ್ನೂ ಮನೆಗೆ ತರುವುದಿಲ್ಲ. ಒಮ್ಮೆ ಯಾರೋ ಪುಕ್ಕಟೆ ಕೊಟ್ಟ ಅಡಿಕೆ ಸಸಿಗಳನ್ನು… ಇರಲಿ, ಸ್ಕ್ರೀನ್ ಮುಂದೆ ಹೋಯಿತು.

ಇದು ಒಬಿಎಸ್ ಸ್ಟುಡಿಯೊ, ಸ್ಕ್ರೀನ್ ರೆಕಾರ್ಡ್ ಮಾಡುವ ಇನ್ನೊಂದು ಪ್ರೋಗ್ರಾಮ್. ಫೈಲ್‌ಗಳ ಪಟ್ಟಿಯಲ್ಲಿ ‘ಕಾಪಿಯಿಂಗ್’ ಅಂತ ಒಂದಿದೆ ನೋಡಿ. ತೆರೆದರೆ ಜಿಪಿಎಲ್ ಎರಡನೇ ಆವೃತ್ತಿ, 1991ರದ್ದು. ಯಾವ ಕೆಲಸಕ್ಕಾದರೂ ಬಳಸಬಹುದು, ಒಳಗೆ ಏನಿದೆ ಅಂತ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ನಾಲ್ಕರಲ್ಲಿ ಒಂದು ತಪ್ಪಿದರೂ ನಾನು ಮುಕ್ತ ಅನ್ನುವುದಿಲ್ಲ. 2024ರಲ್ಲಿ ಹಾಡು ಕೇಳುವ ಹಳೆಯ ಪ್ರೋಗ್ರಾಮ್ ವಿನ್‌ಆಂಪ್‌ನ ಕೋಡನ್ನು ಗಿಟ್‌ಹಬ್‌ಗೆ ಹಾಕಿದಾಗ ತುಂಬಾ ಖುಷಿಪಟ್ಟಿದ್ದೆ. ಆಮೇಲೆ ಲೈಸೆನ್ಸ್ ಓದಿದೆ. ತಿದ್ದಿದ್ದನ್ನು ಹಂಚುವ ಹಾಗಿಲ್ಲ ಅಂತ ಇತ್ತು. ಸ್ವಲ್ಪ ದಿನಕ್ಕೆ ಆ ಪುಟವನ್ನೇ ತೆಗೆದರು.

ಕುಕ್ಕರ್ ಕೂಗಿತು, ಒಂದು ನಿಮಿಷ.

ಹಾಂ. ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಬಳಸುವವರಿಗೆ ಕೆಲಸ ಇನ್ನೂ ಸುಲಭ. ರಾರ್ ಅನ್ನುವ ಕುಗ್ಗಿಸಿದ ಫೈಲ್ ಬಿಚ್ಚುವ ‘ಅನ್‌ರಾರ್’ನ ವಿವರ ತೋರಿಸು ಅಂತ ಇಲ್ಲಿ ಡೆಬಿಯನ್‌ಗೆ ಕೇಳಿದ್ದೇನೆ, ಆ ‘ಸೆಕ್ಷನ್’ ಅನ್ನುವ ಸಾಲು ನೋಡಿ: ‘ನಾನ್-ಫ್ರೀ’, ಅಂದರೆ ಮುಕ್ತ ಅಲ್ಲ. ಕೋಡ್ ಸಿಗುತ್ತದೆ, ಕಾಸೂ ಇಲ್ಲ. ಆದರೆ ಅದನ್ನು ನೋಡಿಕೊಂಡು ರಾರ್ ಫೈಲ್ ಮಾಡುವ ಪ್ರೋಗ್ರಾಮ್ ಬರೆಯುವ ಹಾಗಿಲ್ಲ. ಅದಕ್ಕೇ ಡೆಬಿಯನ್‌ನವರು ಬೇರೆ ಕೋಣೆಯಲ್ಲಿ ಇಟ್ಟಿದ್ದಾರೆ. ಲೈಸೆನ್ಸ್ ಓದಿ ಬೇರೆ ಮಾಡುವ ಈ ಕೆಲಸವನ್ನು ಅವರು ವರ್ಷಗಟ್ಟಲೆ ಮಾಡುತ್ತಾ ಬಂದಿದ್ದಾರೆ. ಅವರಿಗೆ ನಾವು ಋಣಿಗಳು.

ಇನ್ನು ಕೋಡ್ ಬರೆಯಲು ಬಳಸುವ ಮೈಕ್ರೋಸಾಫ್ಟ್‌ನ ಪ್ರೋಗ್ರಾಮ್ ವಿಎಸ್ ಕೋಡ್ ವಿಷಯ. ‘ಅದು ಓಪನ್ ಸೋರ್ಸ್ ಅಲ್ಲವೇ ಅಲ್ಲ’ ಅಂತ ಹೋದ ವಾರ ಗೆಳತಿಗೆ ಹೇಳಿದ್ದೆ. ಅದು ಜಾಸ್ತಿ ಆಯಿತು. ಮೂಲ ಕೋಡ್ ಎಂಐಟಿ ಅನ್ನುವ ಮುಕ್ತ ಲೈಸೆನ್ಸ್‌ನಲ್ಲಿ ಎಲ್ಲರಿಗೂ ಇದೆ. ಆದರೆ ಮೈಕ್ರೋಸಾಫ್ಟ್ ಪುಟದಿಂದ ನಾವು ಇಳಿಸಿಕೊಳ್ಳುವ ಫೈಲ್‌ಗೆ ಬೇರೆಯದೇ ಲೈಸೆನ್ಸ್. ಅದೇ ಮೂಲ ಕೋಡಿನಿಂದ ಕಟ್ಟಿದ ವಿಎಸ್‌ಕೋಡಿಯಮ್‌ಗೆ ಎಂಐಟಿ ಲೈಸೆನ್ಸೇ ಇದೆ, ನಾನೀಗ ಅದನ್ನು ಹಾಕಿಕೊಂಡಿದ್ದೇನೆ. ಹಾಗಾಗಿ ಕೋಡಿನ ಲೈಸೆನ್ಸ್ ನೋಡಿದ ಮೇಲೆ ನಿಮ್ಮ ಕಂಪ್ಯೂಟರಿಗೆ ಇಳಿದ ಫೈಲಿನ ಲೈಸೆನ್ಸನ್ನೂ ನೋಡಿ. ಎರಡೂ ಒಂದೇ ಆಗಿರಬೇಕು ಅಂತೇನಿಲ್ಲ.

ಸ್ಕ್ರೀನಿನ ಕೆಳಗೆ ಕಾಣುವ ಈ ಅಕ್ಷರ ನೋಟೊ ಸ್ಯಾನ್ಸ್ ಕನ್ನಡ ಫಾಂಟ್. ಅದರ ಓಎಫ್‌ಎಲ್ ಅನ್ನುವ ಫಾಂಟ್ ಲೈಸೆನ್ಸ್‌ನಲ್ಲಿ ಫಾಂಟನ್ನು ಒಂದನ್ನೇ ಮಾರಬಾರದು ಅಂತ ಒಂದು ಷರತ್ತು ಇದೆ. ಹಾಗಾದರೆ ಇದೂ ಮುಕ್ತ ಅಲ್ಲ ಅಂತ ಮೊದಲು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಯಾವುದಾದರೂ ಪುಟ್ಟ ಪ್ರೋಗ್ರಾಮ್ ಜೊತೆ ಸೇರಿಸಿದರೆ ಮಾರಬಹುದು. ಜಿಪಿಎಲ್ ಹೊರತಂದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕೂಡ ಇದು ಮುಕ್ತ ಲೈಸೆನ್ಸೇ ಅಂತ ಒಪ್ಪಿದೆ. ನಾನೂ ಒಪ್ಪಿದೆ. ಕನ್ನಡದ ಒತ್ತಕ್ಷರ ಎಲ್ಲೋ ಸರಿ ಕೂರಲಿಲ್ಲ ಅಂದರೆ ನಾವೇ ಬಿಚ್ಚಿ ತಿದ್ದಬಹುದು, ತಿದ್ದಿದ್ದನ್ನು ಎಲ್ಲರಿಗೂ ಕೊಡಬಹುದು. ನನಗೆ ಬೇಕಾದದ್ದು ಅದು.

ಇದು ಭಾನುವಾರ ಸಂಜೆ. ಒಬಿಎಸ್‌ನಲ್ಲಿ ರೆಕಾರ್ಡ್ ಮಾಡಿದ್ದು, ಪೂರ್ತಿ ಎರಡು ಗಂಟೆ. ಅಜ್ಜಿ ಬೇಸರ ಮಾಡಿಕೊಳ್ಳದೆ ಮೊದಲಿನಿಂದ ಎಲ್ಲಾ ಹೇಳಿದರು. ಅಷ್ಟರಲ್ಲಿ ಮಿಡಿಯೆಲ್ಲ ಭರಣಿ ಸೇರಿತ್ತು. ತೊಟ್ಟು ಎಲ್ಲಿ ಮುರಿಯಬೇಕು ಅಂತ ಒಂದು ಹಸಿಮೆಣಸು ಹಿಡಿದು ತೋರಿಸುತ್ತಿದ್ದಾರೆ ನೋಡಿ.