ನಿಂತ ಮೋಟಾರಿಗೇ ತೇವದ ಕಾಟ

ಕೇಳುಗರಿಗೆಲ್ಲಾ ನಮಸ್ಕಾರ್ರಿ. ಕಲಬುರಗಿ ಅಂದ್ರ ಬಿಸಿಲು, ಇಲ್ಲಿ ಮೋಟಾರಿನ್ಯಾಗ ನೀರು ಎಲ್ಲಿಂದ ಬರಬೇಕು ಅಂತ ಭಾಳ ಮಂದಿ ನಗತಾರ. ದಾಲ್ ಮಿಲ್ಲಿರಲಿ, ಶಹಾಪುರ ಕಡಿ ಹತ್ತಿ ಜಿನ್ನಿಂಗಿರಲಿ, ಮೋಟಾರ್ ಓಡೂತನಕ ಚಿಂತಿಲ್ಲ ಖರೆ, ವೈಂಡಿಂಗ್ ಅಂದ್ರ ಒಳಗಿನ ತಂತಿ ಸುತ್ತು, ಅದರ ಬಿಸಿಗೆ ತೇವ ನಿಲ್ಲಂಗಿಲ್ಲ. ತ್ರಾಸು ಶುರುವಾಗೋದು ಬಂದ್ ಮಾಡಿದ ಮ್ಯಾಲ. ಒಳಗಿನ ಬಿಸಿ ಗಾಳಿ ತಣ್ಣಗಾಗಿ ಕುಗ್ಗತದ, ಆಗ ಶಾಫ್ಟ್ ಸಂದಿಯಿಂದ ಹೊರಗಿನ ಹಸಿ ಹವಾ ಒಳಗ ಎಳಕೋತದ, ರಾತ್ರಿ ಕಬ್ಬಿಣ ತಣ್ಣಗಾತು ಅಂದ್ರ ಚಳಿಗಾಲದ ಮುಂಜಾನಿ ತಗಡಿನ ಕೆಳಗ ಹನಿ ಕೂಡತಾವಲ್ಲ, ಹಂಗ ಕೋಯ್ಲಿನ ಮ್ಯಾಲ ಹನಿ ಕೂಡತಾವ. ಪ್ಲೇಟ್ ಮ್ಯಾಲ ಐಪಿ 55 ಅಂತ ಬರದದಲ್ರಿ ಅಂತೀರಿ, ಅದು ಧೂಳು, ಪೈಪಿನ ನೀರು ತಡೀತದ, ಹಿಂಗ ಹವಾ ಎಳಕೊಳ್ಳೋ ಉಸಿರಾಟ ತಡ್ಯಂಗಿಲ್ಲ.

ಇದಕ್ಕಂತಲೇ ದೊಡ್ಡ ಮೋಟಾರಿನ್ಯಾಗ ಸ್ಪೇಸ್ ಹೀಟರ್, ಅಂದ್ರ ಒಳಗ ಬೆಚ್ಚಗಿಡೋ ಸಣ್ಣ ಹೀಟರ್ ಇರತದ. ವೈಂಡಿಂಗ್ ಸುತ್ತಲಿನ ಹವಾಕ್ಕಿಂತ 5ರಿಂದ 10 ಡಿಗ್ರಿ ಬೆಚ್ಚಗಿದ್ರ ಸಾಕು, ಹನಿ ಕೂಡಂಗಿಲ್ಲ. ಮೋಟಾರ್ ನಿಂತ್ರ ಹೀಟರ್ ಚಾಲೂ, ಮೋಟಾರ್ ಓಡಿದ್ರ ಹೀಟರ್ ಬಂದ್, ಮೋಟಾರ್ ಚಾಲೂ-ಬಂದ್ ಮಾಡೋ ಸ್ವಿಚ್ಚು, ಅಂದ್ರ ಕಾಂಟ್ಯಾಕ್ಟರಿನ್ಯಾಗೇ ಹಂಗ ಒಂದಕ್ಕೊಂದು ಇಂಟರ್‌ಲಾಕ್ ಮಾಡಿರತಾರ. ಆದ್ರ ಬೀದರ್ ಕಡಿ ಸಕ್ರಿ ಫ್ಯಾಕ್ಟರಿ ನೋಡ್ರಿ, ಕಬ್ಬು ನುರಿಸೋದು ಮುಗೀತಂದ್ರ ಮಳಿಗಾಲ ಪೂರಾ ಮೋಟಾರ್ ಸುಮ್ನ ನಿಂತಿರತಾವ, ಕರೆಂಟ್ ಬಿಲ್ ಉಳಿಸೋಣ ಅಂತ ಮೇನ್ ಸ್ವಿಚ್ಚೇ ಇಳಿಸಿದ್ರ ಹೀಟರ್ರೂ ಹೋತು! ಬೇಕಾದಾಗೇ ಇಲ್ಲ. ಅದಕ್ಕ ಹೀಟರಿಗೆ ಬ್ಯಾರೆ ಲೈನ್ ಕೊಡ್ರಿ, ಮತ್ತ ವೈರ್ ಜೋಡಿಸೋ ಟರ್ಮಿನಲ್ ಬಾಕ್ಸ್ ಮ್ಯಾಲ ಹೀಟರಿಗೆ ಬ್ಯಾರೆ ಕರೆಂಟ್ ಅದ ಅಂತ ದೊಡ್ಡದಾಗಿ ಬರೀರಿ, ಯಾಕಂದ್ರ ಮೋಟಾರ್ ಬಂದ್ ಅದ ಅಂತ ಕೈ ಹಾಕಿದವಗ ಹೀಟರಿನ ಕರೆಂಟ್ ಹೊಡೀತದ.

ಹೀಟರ್ ಇಲ್ಲದಿದ್ರ ಒಂದು ಫೇಸಿಗೆ ಸಣ್ಣ ವೋಲ್ಟೇಜ್ ಕೊಟ್ಟು ಬೆಚ್ಚಗಿಡಬಹುದು, ಎಷ್ಟು ಅಂತ ಕಂಪನಿಯವರನ್ನೇ ಕೇಳ್ರಿ. ಒಳಗ ಕೂಡಿದ ನೀರು ಹೊರಗ ಬಿಡೋ ತೂತಿನ ಬಿರಡೆ, ಡ್ರೇನ್ ಪ್ಲಗ್ಗೂ ನೋಡ್ರಿ. ಮೋಟಾರ್ ಅಡ್ಡ ಬಿಟ್ಟು ನಿಂತಂಗ ಕೂಡಿಸಿದ್ರ ಆ ತೂತು ಕೆಳಗಿರದೆ ಪಕ್ಕಕ್ಕ ಬಂದಿರತದ, ಹಂಗಿದ್ರ ಇದ್ದೂ ಇಲ್ಲದಂಗ.

ಭಾಳ ದಿನ ನಿಂತ ಮೋಟಾರ್ ಚಾಲೂ ಮಾಡೋ ಮೊದಲು ಮೆಗ್ಗರ್ ಹಚ್ಚಲೇಬೇಕ್ರಿ, ಅದು ವೈಂಡಿಂಗಿನ ಇನ್ಸುಲೇಶನ್, ಅಂದ್ರ ಕರೆಂಟ್ ಸೋರದಂಗ ತಡೆಯೋ ಹೊದಿಕೆ, ತೇವಕ್ಕ ಎಷ್ಟು ಸೋತದ ಅಂತ ಮೆಗಾಓಮಿನ್ಯಾಗ ಅಳೀತದ. ಸಾದಾ 415 ವೋಲ್ಟ್ ಮೋಟಾರಿಗೆ 500 ವೋಲ್ಟ್ ಮೆಗ್ಗರ್, ಒಂದು ನಿಮಿಷ. 5 ಮೆಗಾಓಮಿಗಿಂತ ಕಮ್ಮಿ ಬಂದ್ರ ಚಾಲೂ ಮಾಡಬ್ಯಾಡ್ರಿ, ಕವರ್ ಬಿಚ್ಚಿ ಒಣಗಸ್ರಿ, 90 ಡಿಗ್ರಿ ದಾಟಬಾರದು, ನಿದಾನಕ್ಕ. ಗ್ಯಾಸ್ ಬೆಂಕಿ ಹಿಡಿಯೋ ಆತುರದವರೂ ಇದ್ದಾರ, ತಂತಿ ಮ್ಯಾಲಿನ ವಾರ್ನಿಶ್ ಸುಟ್ಟು ರಿವೈಂಡಿಂಗಿಗೆ, ಅಂದ್ರ ತಂತಿ ಹೊಸದಾಗಿ ಸುತ್ತಲಿಕ್ಕೆ ಹೋಗತದ ಅಷ್ಟ. ಒಣಗಸೋವಾಗ ರೀಡಿಂಗ್ ಮೊದಲು ಇನ್ನಾ ಇಳೀತದ, ಗಾಬರಿ ಆಗಬ್ಯಾಡ್ರಿ, ಬಿಸಿಗೆ ಹಂಗಾಗತದ, ತೇವ ಹೋದಂಗ ಮ್ಯಾಲ ಏರಿ ಒಂದು ಕಡಿ ನಿಂದರತದ, ಆಗ ಕವರ್ ಹಾಕ್ರಿ. ನಮಸ್ಕಾರ.